ಮನೆಯಿದ್ದ ಮಕ್ಕಳು, ಮನೆಯಿಲ್ಲದ ಮಕ್ಕಳು

ಬಾಸೆಲ್ ಮಿಶನ್ ಉತ್ತರ ಕರ್ನಾಟಕಕ್ಕೆ ಬಂದು ಮೊದಲು ಊರಿದ ಠಾಣೆಗಳ ಪಟ್ಟಿ ಚಿಕ್ಕದು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಮಲಸಮುದ್ರ, 1851ರಲ್ಲಿ ಗುಳೇದಗುಡ್ಡ. ಮುಧೋಳ ಸೀಮೆಯ ರನ್ನ ಬೆಳಗಲಿಯ ಕಡೆಯಿಂದ ನೋಡಿದರೆ ಇವುಗಳಲ್ಲಿ ಹತ್ತಿರದ್ದು ಗುಳೇದಗುಡ್ಡ. ಅದೂ ಘಟಪ್ರಭೆಯ ಸೀಮೆ ಬಿಟ್ಟು, ಬಾಗಲಕೋಟೆ ದಾಟಿ, ಮಲಪ್ರಭೆಯ ಮಗ್ಗುಲಿಗೆ, ಎರಡು ಮೂರು ದಿನದ ಚಕ್ಕಡಿ ಹಾದಿ. ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ, ಜಮಖಂಡಿಯಲ್ಲಿ ಪಟವರ್ಧನರದು. ಮಿಶನ್ನಿನ ಠಾಣೆಗಳೆಲ್ಲ ಇದ್ದದ್ದು ಬ್ರಿಟಿಷರ ನೇರ ಆಡಳಿತದ ಊರುಗಳಲ್ಲಿ. ಹೀಗಾಗಿ ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳು ಕಾಣದ ಪಾದ್ರಿಯನ್ನು ಗುಳೇದಗುಡ್ಡದ ನೇಕಾರರ ಮಕ್ಕಳು ಕಂಡರು. ಕಸುಬು ಒಂದೇ, ಮಗ್ಗದ ಕುಣಿಯೂ ಒಂದೇ, ಆಳುವ ಗಡಿ ಮಾತ್ರ ಬೇರೆ. ಈ ಗಡಿಯ ಆಕಸ್ಮಿಕ ಇತಿಹಾಸಕಾರನಿಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಮಿಶನ್ ಬಂದ ಕಡೆ ಮಕ್ಕಳಿಗೆ ಏನಾಯಿತು, ಬರದ ಕಡೆ ಏನಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಮಿಶನರಿ ಶಾಲೆಗಳ ಮಾತು ಬಂದಾಗ ನಮ್ಮಲ್ಲಿ ಎರಡು ಸಿದ್ಧ ಕಥೆಗಳಿವೆ. ಅಕ್ಷರ ಕೊಟ್ಟರು, ನಿಘಂಟು ಕೊಟ್ಟರು ಎಂದು ಒಬ್ಬರು ಕೈಮುಗಿಯುತ್ತಾರೆ. ಮಕ್ಕಳ ಮುಖಾಂತರ ಮತಾಂತರದ ಬಲೆ ಬೀಸಿದರು ಎಂದು ಇನ್ನೊಬ್ಬರು ಸಿಟ್ಟಾಗುತ್ತಾರೆ. ಎರಡೂ ಕಡೆಯವರು ಎಲ್ಲ ಮಕ್ಕಳನ್ನೂ ಒಂದೇ ಗುಂಪಿಗೆ ಸೇರಿಸಿ ಮಾತಾಡುತ್ತಾರೆ, ಎಡವುವುದು ಅಲ್ಲೇ. ದಾಖಲೆ ತೋರಿಸುವುದು ಎರಡು ಬೇರೆ ಬಗೆಯ ಮಕ್ಕಳನ್ನು. ಸಂಜೆ ಮನೆಗೆ ಮರಳುವ ಮಗು ಒಂದು, ಮರಳಲು ಮನೆಯೇ ಇಲ್ಲದ ಮಗು ಇನ್ನೊಂದು. ಮೊದಲನೆಯ ಮಗು ಮಿಶನ್ನಿನಿಂದ ತನಗೆ ಬೇಕಾದ್ದನ್ನು ತೆಗೆದುಕೊಂಡು ಬೇಡದ್ದನ್ನು ಅಲ್ಲೇ ಬಿಟ್ಟು ಬಂತು. ಎರಡನೆಯದಕ್ಕೆ ಆ ಆಯ್ಕೆ ಇರಲಿಲ್ಲ. ಉತ್ತರ ಕರ್ನಾಟಕದ ಮಟ್ಟಿಗೆ ಮಿಶನ್ನಿನ ಮಕ್ಕಳ ಕೆಲಸವನ್ನು ಒಳ್ಳೆಯದು ಕೆಟ್ಟದ್ದು ಎಂದು ತೂಗುವುದಿದ್ದರೆ ತಕ್ಕಡಿ ಈ ವ್ಯತ್ಯಾಸದ ಮೇಲೆ ನಿಲ್ಲಬೇಕು ಎಂಬುದು ನನ್ನ ವಾದ.

ಮಕ್ಕಳಿಗೆ ಧರ್ಮ ಬೆರೆಸಿ ಅಕ್ಷರ ಕಲಿಸುವುದು ಈ ನೆಲಕ್ಕೆ ಹೊಸದಾಗಿರಲಿಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಊರ ಗಾವಠಿ ಶಾಲೆಯಲ್ಲಿ ಐಗಳು ನೆಲದ ಮೇಲೆ ಮರಳು ಹರವಿ, ಹುಡುಗನ ಬೆರಳು ಹಿಡಿದು ಮೊದಲು ಬರೆಸುತ್ತಿದ್ದದ್ದೇ ‘ಓಂ ನಮಃ ಶಿವಾಯ’. ಅ ಆ ಇ ಈ ಬರುತ್ತಿದ್ದದ್ದು ಆಮೇಲೆ. ‘ಓನಾಮ ಬರದವ’ ಎಂಬ ಬೈಗುಳ ಹುಟ್ಟಿದ್ದೂ ಆ ಮರಳಿನ ಮೇಲೇ. ಬಾಯಿಪಾಠ, ಮಗ್ಗಿ, ಲೆಕ್ಕ, ಒಂದಿಷ್ಟು ಶತಕ ಪುರಾಣ, ಹುಡುಗನ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು. ಎಳೆಯನೊಬ್ಬ ವಿದ್ಯೆಗಾಗಿ ಮನೆ ಬಿಟ್ಟು ಗುರುಪೀಠಕ್ಕೆ ಹೋಗುವುದೂ ಹೊಸದಲ್ಲ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯ ಹುಡುಗ ರನ್ನ ಹತ್ತನೆಯ ಶತಮಾನದಲ್ಲೇ ಈ ಸೀಮೆ ಬಿಟ್ಟು ಶ್ರವಣಬೆಳಗೊಳದ ಅಜಿತಸೇನಾಚಾರ್ಯರ ಹತ್ತಿರ ಹೋಗಿದ್ದ, ಚಾವುಂಡರಾಯನ ಆಶ್ರಯ ಪಡೆದಿದ್ದ. ಆದರೆ ಅವನು ಹೋದದ್ದು ತಾನು ಹುಟ್ಟಿದ ಮತದ ಗುರುವಿನ ಬಳಿಗೇ. ಐಗಳ ಶಾಲೆಗೆ ಕಾಳು ಕಡಿ ಕೊಟ್ಟು ನಡೆಸುತ್ತಿದ್ದವರು ಆ ಮಕ್ಕಳ ತಂದೆಗಳೇ. ಕಲಿಸುವವನು, ಕಲಿಯುವವನು, ಖರ್ಚು ಕೊಡುವವನು ಮೂವರೂ ಒಂದೇ ಊರಿನ, ಬಹಳ ಸಲ ಒಂದೇ ಮತದ ಜನ. ಮಿಶನ್ ತಂದ ಹೊಸತನ ಇದ್ದದ್ದು ಈ ಮೂವರನ್ನು ಬಿಡಿಸಿದ್ದರಲ್ಲಿ.

ಖರ್ಚು ಎಲ್ಲಿಂದ ಬರುತ್ತಿತ್ತು? 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿಗೆ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಶ್ರದ್ಧಾವಂತರ ಬೆಂಬಲವಿತ್ತು. ಅವರಲ್ಲಿ ಶ್ರೀಮಂತರಿಗಿಂತ ರೈತರು, ನೇಕಾರರು, ಕುಶಲಕರ್ಮಿಗಳೇ ಹೆಚ್ಚು. 1855ರಲ್ಲಿ ಬಾಸೆಲಿನ ರೇಷ್ಮೆ ಪಟ್ಟಿ ಉದ್ಯಮಿ ಕಾರ್ಲ್ ಸಾರಾಸಿನ್ ‘ಅರ್ಧ ಬಾಟ್ಸೆನ್’ ವಂತಿಗೆ ಎಂಬ ಪದ್ಧತಿ ಆರಂಭಿಸಿದ. ಮನೆಮನೆಯಿಂದ ವಾರಕ್ಕೊಂದು ಪುಡಿಗಾಸು. ಬಡವರೂ ಕೊಡಬಹುದಾದ ಆ ಕಾಸು ಸೇರಿ ಸೇರಿ ಮಿಶನ್ನಿನ ದೊಡ್ಡ ಆದಾಯವಾಯಿತು. ಗುಳೇದಗುಡ್ಡದ ಮಗುವಿನ ಪಾಟಿಗೆ ಕಾಸು ಕೊಟ್ಟವರು ಆ ಮಗುವನ್ನು ಕನಸಿನಲ್ಲೂ ಕಾಣದವರು. ಕಾಸು ಕೊಟ್ಟವರಿಗೆ ಕಥೆ ಹೇಳಬೇಕು, ಆದ್ದರಿಂದ ಮಿಶನ್ನಿನ ಪತ್ರಿಕೆಗಳ ತುಂಬ ‘ಅಜ್ಞಾನಿ’ ಮಕ್ಕಳ ಕಥೆಗಳು. ಇಂದು ದೂರ ದೇಶದ ದಾನಿಗಳಿಗೆ ಮಗುವಿನ ಭಾವಚಿತ್ರ ಕಳಿಸಿ ತಿಂಗಳ ವಂತಿಗೆ ಕೇಳುವ ಸಂಸ್ಥೆಗಳ ವ್ಯವಹಾರಕ್ಕೆ ಅಜ್ಜನ ಕಾಲದ ನೆಂಟಸ್ತಿಕೆ ಅಲ್ಲಿದೆ.

ಇನ್ನು ಶಾಲೆಯ ಮಾದರಿ. ಮಿಶನ್ನಿನ ಸಂಸ್ಥಾಪಕರಲ್ಲೊಬ್ಬನಾದ ಸ್ಪಿಟ್ಲರ್, ಶಿಕ್ಷಕ ತ್ಸೆಲ್ಲರ್ ಜೊತೆ ಸೇರಿ 1820ರಲ್ಲಿ ಬಾಸೆಲಿನ ಹತ್ತಿರ ಬಾಯ್ಗನ್ ಎಂಬಲ್ಲಿ ಒಂದು ಹಳೆಯ ಕೋಟೆಮನೆಯಲ್ಲಿ ಬಡ ಮಕ್ಕಳ ಆಶ್ರಯಶಾಲೆ ತೆರೆದಿದ್ದ. ನೆಪೋಲಿಯನ್ ಯುದ್ಧಗಳೂ 1816-17ರ ಬರವೂ ಯುರೋಪಿನ ಬೀದಿಗಳಲ್ಲಿ ಬಿಟ್ಟುಹೋಗಿದ್ದ ದಿಕ್ಕಿಲ್ಲದ ಮಕ್ಕಳಿಗಾಗಿ ಹುಟ್ಟಿದ ಮನೆ ಅದು. ಪ್ರಾರ್ಥನೆ, ಓದು, ಕೈಕೆಲಸ, ಶಿಸ್ತು, ಇಷ್ಟು ಅಲ್ಲಿಯ ದಿನಚರಿ. ಶಿಕ್ಷಣತಜ್ಞ ಪೆಸ್ಟಲೋಜಿ ತನ್ನ ಕೊನೆಗಾಲದಲ್ಲಿ, 1826ರಲ್ಲಿ, ಅದನ್ನು ನೋಡಿ ಮೆಚ್ಚಿದ್ದ. ಮಗುವಿನ ಮನಸ್ಸು ಹುಟ್ಟಿನಿಂದಲೇ ಪಾಪದ ಕಡೆ ವಾಲಿದ್ದು, ಕೆಟ್ಟ ನೆರೆಯಿಂದ ಅದನ್ನು ಬಿಡಿಸಿ ಹೊಸ ಮನೆಯಲ್ಲಿ ಬೆಳೆಸಿದರೆ ಮಾತ್ರ ಉದ್ಧಾರ ಎಂಬುದು ಮಿಶನ್ನನ್ನು ಬೆಂಬಲಿಸಿದ ಆ ಶ್ರದ್ಧಾವಂತರ ನಂಬಿಕೆ. ಭಾರತಕ್ಕೆ ಬಂದಾಗ ಆ ನಂಬಿಕೆಯಲ್ಲಿ ಸಣ್ಣದೊಂದು ಬದಲಾವಣೆಯಾಯಿತು. ಬಾಸೆಲಿನಲ್ಲಿ ಕೆಟ್ಟ ನೆರೆ ಎಂದರೆ ಕುಡುಕ ತಂದೆ, ಭಿಕ್ಷೆಯ ಬೀದಿ. ಇಲ್ಲಿ ಕೆಟ್ಟ ನೆರೆ ಎಂದರೆ ಮಗುವಿನ ಇಡೀ ಜಾತಿ, ಮನೆ, ಮನೆದೇವರು.

ಮನೆಯಿದ್ದ ಮಕ್ಕಳ ವಿಷಯದಲ್ಲಿ ಈ ಯೋಜನೆ ಹೇಗೆ ಮುಗ್ಗರಿಸಿತು ಎಂಬುದಕ್ಕೆ ಕರಾವಳಿಯಲ್ಲೇ ಮೊದಲ ಪಾಠವಾಯಿತು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಹೆರ್ಮನ್ ಮೋಗ್ಲಿಂಗ್ ಶಾಲೆಗಳಿಗೆ ಜೀವ ತುಂಬಿದ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದವನೂ ಅವನೇ. ಮಿಶನ್ನಿನ ಇಂಗ್ಲಿಷ್ ಶಾಲೆಗೆ ಸಾರಸ್ವತ ಬ್ರಾಹ್ಮಣರ ಹುಡುಗರು ಬರುತ್ತಿದ್ದರು. ಕಚೇರಿಯ ನೌಕರಿಗೆ ಇಂಗ್ಲಿಷ್ ಬೇಕಿತ್ತು, ಅಷ್ಟೇ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ದೀಕ್ಷಾಸ್ನಾನ ಪಡೆದರು. ಊರು ಅಲ್ಲೋಲಕಲ್ಲೋಲವಾಯಿತು. ತಂದೆತಾಯಿಗಳು ಮಕ್ಕಳನ್ನು ಬಿಡಿಸಿದರು, ಶಾಲೆ ಖಾಲಿಯಾಯಿತು. ಆನಂದರಾವ್ ಮುಂದೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ನನ್ನ ವಾದಕ್ಕೆ ಇದು ಎದುರು ಸಾಕ್ಷಿ ಎನಿಸಬಹುದು. ಮನೆಯಿದ್ದ ಹುಡುಗನೂ ಮನೆ ಬಿಟ್ಟನಲ್ಲ! ಆದರೆ ಅವನಿಗಾಗ ಹದಿನೆಂಟರ ಆಸುಪಾಸು, ಬಿಡುತ್ತಿರುವುದು ಏನೆಂದು ಬಲ್ಲವನು. ಒಬ್ಬಿಬ್ಬರು ಆ ದಾರಿ ಹಿಡಿದದ್ದಕ್ಕೆ ಮಿಶನ್ ತೆತ್ತ ಬೆಲೆಯೆಂದರೆ ಮಿಕ್ಕ ಹುಡುಗರೆಲ್ಲ. ಲಗಾಮು ಪಾದ್ರಿಯ ಕೈಯಲ್ಲಿರಲಿಲ್ಲ, ಮನೆಯವರ ಕೈಯಲ್ಲಿತ್ತು. ಮನೆಯವರಿಗೂ ಅದು ಗೊತ್ತಿತ್ತು.

ಧಾರವಾಡ ಹುಬ್ಬಳ್ಳಿಗಳಲ್ಲಿ ನಡೆದದ್ದೂ ಇದೇ, ಗಲಾಟೆಯಿಲ್ಲದೆ. ಲಿಂಗಾಯತ, ಬ್ರಾಹ್ಮಣ ಹುಡುಗರು ಮಿಶನ್ ಶಾಲೆಯ ಬೆಂಚಿನ ಮೇಲೆ ಕೂತು ಯೇಸುವಿನ ಸಾಮ್ಯಗಳನ್ನು ಬಾಯಿಪಾಠ ಒಪ್ಪಿಸಿ, ಮನೆಗೆ ಬಂದು ವಿಭೂತಿ ಹಚ್ಚಿಕೊಂಡು ಉಂಡರು. ಮತ ಬದಲಿಸಿದವರು ಬೆರಳೆಣಿಕೆ. ಉಳಿದವರು ಮನೆಗೆ ತಂದದ್ದು ಪುಸ್ತಕಗಳನ್ನು. ಮಂಗಳೂರಿನಲ್ಲಿ 1841ರಲ್ಲಿ ಕಾಲೂರಿದ ಮಿಶನ್ ಮುದ್ರಣಾಲಯ ಅಂಕಗಣಿತ, ಭೂಗೋಳ, ವ್ಯಾಕರಣಗಳನ್ನು ಅಚ್ಚು ಹಾಕಿತು. ಹಾಡಲೆಂದು ಫರ್ಡಿನೆಂಡ್ ಕಿಟ್ಟೆಲ್ ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿ 1862ರಲ್ಲಿ ‘ಕಥಾಮಾಲೆ’ ಬರೆದ. ಕನ್ನಡದವರು ಗದ್ಯ ಬೋಧನೆಗೆ ಕಿವಿಗೊಡುವುದಿಲ್ಲ, ಹಾಡಿದರೆ ನಿಲ್ಲುತ್ತಾರೆ ಎಂದು ಅವನು ಸರಿಯಾಗಿಯೇ ಗುರುತಿಸಿದ್ದ. ಆ ಛಂದಸ್ಸಿನ ಬೆನ್ನು ಹತ್ತಿದವನು ‘ಶಬ್ದಮಣಿದರ್ಪಣ’ಕ್ಕೆ, ‘ಛಂದೋಂಬುಧಿ’ಗೆ, ಕೊನೆಗೆ 1894ರ ನಿಘಂಟಿಗೆ ಬಂದು ಮುಟ್ಟಿದ. ಹುಬ್ಬಳ್ಳಿಯ ಕಡೆ ಕೆಲಸ ಮಾಡಿದ ವುರ್ತ್ ಹಳಗನ್ನಡ ಕಾವ್ಯಭಾಗಗಳನ್ನು ಕೂಡಿಸಿ ‘ಪ್ರಾಕ್ಕಾವ್ಯ ಮಾಲಿಕೆ’ ಮಾಡಿದ, ಬಸವ ಪುರಾಣದ ಸಾರವನ್ನು ಇಂಗ್ಲಿಷಿಗೆ ತಂದ. ಮತ ತಿರುಗಿಸಲು ಬಂದವರು ಕೊನೆಗೆ ವಿದ್ಯಾರ್ಥಿಗಳ ಕೈಗಿಟ್ಟದ್ದು ಜೈನ ವೀರಶೈವ ಕವಿಗಳನ್ನು. ಹೀಗಾದದ್ದು ಉದಾರತೆಯಿಂದ ಅಂತ ನಾನು ಹೇಳಲಾರೆ. ಎದುರಿಗೆ ಕೂತ ಹುಡುಗ ಸಂಜೆ ಮನೆಗೆ ಹೋಗುವವನು, ನಾಳೆ ಬಾರದೆಯೂ ಇರಬಹುದು. ಅವನನ್ನು ಹಿಡಿದಿಡಬೇಕಾದರೆ ಅವನ ಮನೆಯ ಮಾತನ್ನು ಪಾದ್ರಿಯೇ ಕಲಿಯಬೇಕಾಯಿತು.

ಇದೇ ಹೊತ್ತಿಗೆ ಗಡಿಯಾಚೆ ಜಮಖಂಡಿ ಮುಧೋಳಗಳಲ್ಲಿ ದರ್ಬಾರಿನ ಭಾಷೆ ಮರಾಠಿ. ಕನ್ನಡ ಮನೆಮಾತಿನ ಹುಡುಗನೂ ಮುಂದೆ ಬರಬೇಕಾದರೆ ಮೋಡಿ ಅಕ್ಷರ ತಿದ್ದಬೇಕು. ಜಮಖಂಡಿಯಲ್ಲಿ ಪರಶುರಾಮಭಾವು ಹೈಸ್ಕೂಲು ಒಳ್ಳೆಯ ಹೆಸರು ಪಡೆಯಿತು, ತತ್ತ್ವಜ್ಞಾನಿ ಗುರುದೇವ ರಾನಡೆ ಅಲ್ಲಿ ಕಲಿತವರು. ಆದ್ದರಿಂದ ಮಿಶನ್ ಇಲ್ಲದಿದ್ದರೆ ವಿದ್ಯೆಯೇ ಇರುತ್ತಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಬ್ರಿಟಿಷ್ ಸೀಮೆಯಲ್ಲೂ ಡೆಪ್ಯುಟಿ ಚೆನ್ನಬಸಪ್ಪನವರಂಥ ಅಧಿಕಾರಿಗಳು ಸರಕಾರಿ ಕನ್ನಡ ಶಾಲೆಗಳನ್ನು ಹಳ್ಳಿಹಳ್ಳಿಗೆ ಒಯ್ದರು. ಆ ಶಾಲೆಗಳು ಹೆಚ್ಚಿದಂತೆ ಮನೆಯವರಿಗೆ ಮಿಶನ್ ಶಾಲೆ ಹಲವುಗಳಲ್ಲಿ ಒಂದಾಯಿತು, ಆಯ್ಕೆಯ ಬಲ ಇನ್ನಷ್ಟು ಗಟ್ಟಿಯಾಯಿತು.

ಆದರೆ ಯಾರ ಮನೆಯವರಿಗೆ? 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ ಹುಡುಗನ ಪರವಾಗಿ ಅರ್ಜಿ ಬಂತು. ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಬಿಟ್ಟು ಹೋಗುತ್ತಾರೆ, ಶಾಲೆ ನಿರರ್ಥಕವಾಗುತ್ತದೆ ಎಂದು ಮುಂಬಯಿ ಸರಕಾರ ನಿರಾಕರಿಸಿತು. ವಿಷಯ ಕಲಕತ್ತೆಗೂ ಲಂಡನ್ನಿಗೂ ಹೋಯಿತು, ಮೇಲಿನವರು ಆಕ್ಷೇಪಿಸಿದರು, ಸರಕಾರದ ಶಾಲೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬ ತತ್ತ್ವ ಕಾಗದದ ಮೇಲೆ ಒಪ್ಪಿತವಾಯಿತು. ಮುಂಬಯಿ ಪ್ರಾಂತದ ದಲಿತ ಶಿಕ್ಷಣದ ಬಗ್ಗೆ ಬರೆಯುವಾಗ ಅಂಬೇಡ್ಕರ್ ಈ ಧಾರವಾಡದ ಪ್ರಕರಣವನ್ನು ಎತ್ತಿ ಹೇಳಿದ್ದಾರೆ. ಮಂಗಳೂರಿನಲ್ಲಿ ಮಕ್ಕಳನ್ನು ಬಿಡಿಸಿ ಪಾದ್ರಿಯನ್ನು ಬಗ್ಗಿಸಿದ ಅದೇ ಅಸ್ತ್ರ ಇಲ್ಲಿ ಸರಕಾರವನ್ನೇ ಬಗ್ಗಿಸಿತ್ತು ಎಂಬುದನ್ನು ಗಮನಿಸಬೇಕು. ಮನೆಯ ಬಲ ಎಂದು ನಾನು ಇಲ್ಲಿಯತನಕ ಹೊಗಳಿದ್ದು ಮೇಲುಜಾತಿಯ ಮನೆಗಳ ಬಲವೂ ಹೌದು. ಆ ಮಹಾರ ಹುಡುಗನಿಗೂ ಮನೆಯಿತ್ತು, ಆದರೆ ಅವನ ಮನೆಯ ಮಾತಿಗೆ ಬೆಲೆ ಇರಲಿಲ್ಲ. ಜಾತಿ ಕೇಳದೆ ಪಾಟಿ ಕೊಡುವ ಬಾಗಿಲು ಎಲ್ಲಿದೆ ಎಂದು ಅಂಥ ಮನೆಗಳು ಹುಡುಕಿದರೆ ಕಾಣುತ್ತಿದ್ದದ್ದು ಮಿಶನ್ನಿನದೇ. ಅದಕ್ಕಾಗಿ ಆ ತಂದೆತಾಯಿಗಳನ್ನು ಆಮಿಷಕ್ಕೆ ಬಲಿಯಾದವರು ಎನ್ನುವುದು ಅನ್ಯಾಯ. ಸಾರಸ್ವತರು ಇಂಗ್ಲಿಷಿಗಾಗಿ ಹೋದದ್ದು ಜಾಣತನವಾದರೆ ಇವರು ಅಕ್ಷರಕ್ಕಾಗಿ ಹೋದದ್ದೂ ಜಾಣತನವೇ.

ಈಗ ಮನೆಯಿಲ್ಲದ ಮಕ್ಕಳ ಕಡೆ ಬರಬೇಕು. 1876ರ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಧಾತು ಸಂವತ್ಸರ, ಅದರ ಬೆನ್ನಿಗೆ ಈಶ್ವರ. ಹಳೆಯ ಮೈಸೂರಿನವರು ಇಂದಿಗೂ ಅದನ್ನು ಧಾತು ಈಶ್ವರದ ಬರ ಎನ್ನುತ್ತಾರೆ. ಇಂದಿನ ಬಾಗಲಕೋಟೆ ವಿಜಯಪುರಗಳನ್ನು ಒಳಗೊಂಡಿದ್ದ ಆಗಿನ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ಬೆಂದ ಸೀಮೆಗಳಲ್ಲೊಂದು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜನ 1881ಕ್ಕೆ ಆರೂವರೆ ಲಕ್ಷಕ್ಕಿಂತ ಕಡಿಮೆ. ಐವರಲ್ಲಿ ಒಬ್ಬರು ಇಲ್ಲ. ಕೆಲವರು ನಿಜಾಮನ ಸೀಮೆಗೆ ಗುಳೆ ಹೋದರು, ಬಹಳ ಜನ ಸತ್ತರು. ನೇಕಾರರ ಪಾಡು ರೈತರಿಗಿಂತ ಮೊದಲು ಕೆಟ್ಟಿತು. ಜೋಳ ಕೊಳ್ಳಲಾರದವರು ಸೀರೆ ಕುಬಸ ಕೊಳ್ಳುವುದೆಲ್ಲಿಂದ, ಮಗ್ಗ ನಿಂತ ವಾರಕ್ಕೆ ಒಲೆಯೂ ನಿಂತಿತು. ಸರಕಾರ ಕೆರೆ, ರಸ್ತೆಗಳ ಬರದ ಕಾಮಗಾರಿ ತೆರೆಯಿತು. ಆದರೆ ಬರದ ಉಸ್ತುವಾರಿಗೆ ಸರಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಕಲ್ಲು ಒಡೆಯುವ ಆಳಿನ ಹೊಟ್ಟೆಗೇ ಅದು ಸಾಲದು, ಅದರಲ್ಲೇ ಅವನು ಮಕ್ಕಳಿಗೂ ಮುರಿದು ಕೊಡಬೇಕು. ಪುಣೆಯ ಸಾರ್ವಜನಿಕ ಸಭೆ ಇದನ್ನು ಪ್ರತಿಭಟಿಸಿತು, ಕೂಲಿಗಳು ಕಾಮಗಾರಿ ಬಿಟ್ಟು ನಡೆದರು. ದೊಡ್ಡವರು ಮೊದಲು ಸತ್ತ ಮನೆಗಳಲ್ಲಿ ಮಕ್ಕಳು ಉಳಿದರು.

ಆ ಮಕ್ಕಳಿಗೆ ಮಿಶನ್ ಠಾಣೆಗಳು ಬಾಗಿಲು ತೆರೆದವು. ಅರ್ಧ ಶತಮಾನ ಹಿಂದೆ ಬಾಯ್ಗನ್ನಿನಲ್ಲಿ ಬರದ ಮಕ್ಕಳಿಗಾಗಿ ಹೊಲಿದ ಅಂಗಿ ಈಗ ಇಲ್ಲಿಯ ಬರದ ಮಕ್ಕಳ ಮೈಗೆ ಬಂತು. ಗಂಜಿ, ಬಟ್ಟೆ, ಮುಂಜಾನೆ ಪ್ರಾರ್ಥನೆ, ಓದು, ನೇಯ್ಗೆ ಅಥವಾ ಹೊಲಿಗೆ, ಮತ್ತೆ ಪ್ರಾರ್ಥನೆ. ಧಾರವಾಡದ ಹಗಲು ಶಾಲೆಗಳಲ್ಲಿ ನಾಲ್ಕು ದಶಕ ಬೆವರು ಸುರಿಸಿ ಸಿಗದ ಸಂಖ್ಯೆ ಬರ ಮುಗಿದ ಮೇಲಿನ ಕೆಲವೇ ವರ್ಷಗಳಲ್ಲಿ ಸಿಕ್ಕಿತು. ಉತ್ತರ ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳು ಬೆಳೆದ ಕಾಲವನ್ನು ನೋಡಿದರೆ ಬರದ ನೆರಳು ಎದ್ದು ಕಾಣುತ್ತದೆ. ಬೋಧನೆ ಬದಲಾಗಿರಲಿಲ್ಲ, ಬೋಧಕರೂ ಅವರೇ. ಬದಲಾದದ್ದು ಮಗುವಿನ ಬೆನ್ನ ಹಿಂದೆ ಮನೆ ಇಲ್ಲದೆ ಹೋದದ್ದು. ಹಗಲು ಶಾಲೆಯ ಹುಡುಗ ಪಾದ್ರಿಯನ್ನು ಹಳಗನ್ನಡ ಕಲಿಯುವಂತೆ ಮಾಡಿದ. ಈ ಮಗು ಪಾದ್ರಿಯಿಂದ ಏನನ್ನೂ ಮಾಡಿಸಲಾರದು, ಅವರು ಕೊಟ್ಟದ್ದನ್ನು ತಿನ್ನಬೇಕು, ಹೇಳಿದ್ದನ್ನು ನಂಬಬೇಕು.

ಇಲ್ಲಿ ಮೊದಲ ಆಕ್ಷೇಪ ತಾನಾಗಿ ಎದ್ದು ಬರುತ್ತದೆ. ಆಶ್ರಯ ಕೊಡದಿದ್ದರೆ ಆ ಮಕ್ಕಳು ಸಾಯುತ್ತಿರಲಿಲ್ಲವೇ? ಸಾಯುತ್ತಿದ್ದರು. ಇದಕ್ಕೆ ಅಡ್ಡ ಮಾತಿಲ್ಲ. ಊರ ಗೌಡ ಕುಲಕರ್ಣಿಗಳು, ಸಾವುಕಾರರು, ಸಂಸ್ಥಾನಿಕರು ಮಾಡದ ಕೆಲಸವನ್ನು ಹೊರಗಿನವರು ಮಾಡಿದರು ಎಂಬುದನ್ನು ನುಂಗಿಕೊಳ್ಳದೆ ಈ ಇತಿಹಾಸ ಬರೆಯಲಾಗದು. ನನ್ನ ಆಕ್ಷೇಪ ಉಳಿಸಿದ್ದರ ಮೇಲಲ್ಲ, ಉಳಿಸಿದ ಮೇಲೆ ಏನಾಯಿತು ಎಂಬುದರ ಮೇಲೆ. ಅನಾಥಾಲಯದಲ್ಲಿ ಬೆಳೆದವನಿಗೆ ಕೆಲಸ ಕೊಡುವವರು ಮಿಶನ್, ಹೆಣ್ಣು ನೋಡುವವರು ಮಿಶನ್, ಇರಲು ಕಾಂಪೌಂಡಿನ ಮನೆ, ಸತ್ತರೆ ಕಾಂಪೌಂಡಿನ ಮಣ್ಣು. ಸಭೆಯ ಶಿಸ್ತು ಮುರಿದರೆ ಹೊರಗೆ ಹಾಕುವ ಅಧಿಕಾರವೂ ಅವರದೇ, ಹೊರಗೆ ಹೋದವನಿಗೆ ಸೇರಿಕೊಳ್ಳಲು ಜಾತಿಯಿಲ್ಲ. ಹದಿನೆಂಟರ ಆನಂದರಾವ್ ಬಂದ ಬಾಗಿಲಲ್ಲಿ ಬೇಕಿದ್ದರೆ ಹಿಂದಿರುಗಬಹುದಿತ್ತು, ಕಷ್ಟಪಟ್ಟಾದರೂ. ಬರದ ಕೂಸಿಗೆ ಆ ಬಾಗಿಲು ಇರಲೇ ಇಲ್ಲ. ಬಾಸೆಲಿನವರು ಕರಾವಳಿಯಲ್ಲಿ ನೇಯ್ಗೆ, ಹೆಂಚಿನ ಕಾರಖಾನೆಗಳನ್ನು ಕಟ್ಟಿದ್ದೇ ಜಾತಿಕಸುಬು ಕಳಕೊಂಡ ವಿಶ್ವಾಸಿಗಳಿಗೆ ಅನ್ನ ಒದಗಿಸಲು. ಒಳ್ಳೆಯ ಉದ್ದೇಶವೇ. ಆದರೆ ಧಣಿಯೂ ಗುರುವೂ ಒಬ್ಬನೇ ಆದ ಕಡೆ ನಂಬಿಕೆ ಯಾವುದು, ಹೊಟ್ಟೆಪಾಡು ಯಾವುದು ಎಂದು ಬಿಡಿಸಿ ಹೇಳುವುದು ಆ ಮನುಷ್ಯನಿಗೇ ಕಷ್ಟವಾಗಿದ್ದೀತು.

ಇದು ಕರಿಯರ ಮಕ್ಕಳ ಮೇಲೆ ಬಿಳಿಯರ ದರ್ಪ ಎಂದು ಸುಲಭವಾಗಿ ಹೇಳಿ ಮುಗಿಸುವಂತಿಲ್ಲ, ಏಕೆಂದರೆ ಮಿಶನ್ ತನ್ನ ಮಕ್ಕಳನ್ನೂ ಇದೇ ಯಂತ್ರಕ್ಕೆ ಕೊಟ್ಟಿತು. 1850ರಿಂದ ಬಾಸೆಲಿನಲ್ಲಿ ಮುಖ್ಯಸ್ಥನಾಗಿದ್ದ ಜೋಸೆನ್‌ಹಾನ್ಸ್ ಭಾರತ ಸುತ್ತಿಹೋದ ಮೇಲೆ ಬಿಗಿ ಮಾಡಿದ ನಿಯಮಗಳಲ್ಲಿ ಒಂದು, ಮಿಶನರಿಗಳ ಮಕ್ಕಳು ಎಳವೆಯಲ್ಲೇ ಯುರೋಪಿಗೆ ಮರಳಿ ಮಿಶನ್ನಿನ ಮಕ್ಕಳ ಮನೆಯಲ್ಲಿ ಬೆಳೆಯಬೇಕು ಎಂಬುದು. ಆ ನಿಯಮಕ್ಕಿಂತ ಮೊದಲೇ ಮಲಯಾಳದ ನಿಘಂಟುಕಾರ ಹೆರ್ಮನ್ ಗುಂಡರ್ಟ್ ತನ್ನ ಮಗಳು ಮೇರಿಯನ್ನು ಯುರೋಪಿನಲ್ಲಿ ಬಿಟ್ಟು ಬಂದಿದ್ದ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಹುಡುಗಿ, ಬಿಟ್ಟು ಬಂದಾಗ ನಾಲ್ಕರ ಕೂಸು. ಮತ್ತೆ ಭಾರತ ಕಂಡದ್ದು 1857ರಲ್ಲಿ, ಹದಿನೈದರ ಹೊತ್ತಿಗೆ. ಅದೇ ವರ್ಷ ಅವಳ ತಂದೆ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಸರಕಾರಿ ಶಾಲೆಗಳ ಇನ್‌ಸ್ಪೆಕ್ಟರ್ ಆದ. ಊರ ಮಕ್ಕಳ ಓದಿನ ಉಸ್ತುವಾರಿ ಹೊತ್ತ ತಂದೆ ತನ್ನ ಮಗಳ ಬಾಲ್ಯವನ್ನು ಕಂಡಿರಲಿಲ್ಲ. ಈ ಮೇರಿಯೇ ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ. ದೇವರ ಕೆಲಸಕ್ಕೆ ಮನೆ ಅಡ್ಡಿ, ಸಂಸ್ಥೆಯೇ ಮಗುವಿನ ನಿಜವಾದ ಮನೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಪ್ರಾಮಾಣಿಕತೆ ಮಗುವಿನ ನಷ್ಟವನ್ನು ತುಂಬುವುದಿಲ್ಲ ಎಂಬುದು ಬೇರೆ ಮಾತು.

ಬರದ ಮಕ್ಕಳು ಯಾರಿಗೆ ಸೇರಬೇಕು ಎಂಬ ಜಗಳ 1896ರಿಂದ 1900ರವರೆಗಿನ ಬರಗಳಲ್ಲಿ ದೇಶದ ತುಂಬ ಎದ್ದಿತು. 1897ರಲ್ಲಿ ಲಾಲಾ ಲಜಪತರಾಯರು ಹಿಂದೂ ಅನಾಥ ಪರಿಹಾರ ಚಳವಳಿ ಹೂಡಿ, ಮಕ್ಕಳು ಮಿಶನರಿಗಳ ಕೈಸೇರದಂತೆ ಪಂಜಾಬಿನ ಅನಾಥಾಲಯಗಳಿಗೆ ಒಯ್ದರು. ಕರ್ನಾಟಕದ ಘಟ್ಟಸೀಮೆಯಲ್ಲಿ ಹುಟ್ಟಿ, ತಾನೇ ಹಸಿವಿನ ದಿನಗಳಲ್ಲಿ ತಂದೆತಾಯಿಗಳನ್ನು ಕಳಕೊಂಡ ಪಂಡಿತಾ ರಮಾಬಾಯಿ ಕೇಡಗಾಂವದ ಮುಕ್ತಿ ಮಿಶನ್ನಿನಲ್ಲಿ ಬರದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಸಾಕಿದಳು. ನಮ್ಮ ಸೀಮೆಯಲ್ಲಿ ಉತ್ತರ ಸ್ವಲ್ಪ ತಡವಾಗಿ, ಆದರೆ ಗಟ್ಟಿಯಾಗಿ ಬಂತು. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, 1909ರಲ್ಲಿ ಬಾದಾಮಿಯ ಹತ್ತಿರ ಹಾನಗಲ್ ಕುಮಾರ ಸ್ವಾಮಿಗಳ ಶಿವಯೋಗಮಂದಿರ, 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ, ಧಾರವಾಡದ ಮುರುಘಾಮಠದ ಉಚಿತ ಪ್ರಸಾದನಿಲಯ. ಇವೆಲ್ಲ ಮಿಶನ್ನಿಗೆ ಎದುರಾಗಿಯೇ ಹುಟ್ಟಿದವು ಎಂದರೆ ತಪ್ಪು, ಮಠಗಳ ದಾಸೋಹಕ್ಕೆ ತನ್ನದೇ ಹಳೆಯ ಬೇರಿದೆ. ಆದರೆ ವಸತಿ, ಊಟ, ಓದು, ಗಂಟೆ ಬಾರಿಸಿದ ಹೊತ್ತಿಗೆ ಪ್ರಾರ್ಥನೆ ಎಂಬ ಹೊಸ ಕಟ್ಟು ಎಲ್ಲಿಂದ ಬಂತು ಎಂಬುದನ್ನು ಕಣ್ಣಿದ್ದವರು ಕಾಣಬಹುದು. ಹಾಗಿದ್ದ ಮೇಲೆ ಶಿವಯೋಗಮಂದಿರಕ್ಕೆ ಎಳೆಯ ವಟುಗಳನ್ನು ಒಪ್ಪಿಸುವಾಗಲೂ ಇದೇ ಪ್ರಶ್ನೆ ಕೇಳಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಕೇಳಲೇಬೇಕು. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ವಟುವನ್ನು ಒಪ್ಪಿಸಲು ತಂದೆತಾಯಿ ಬರುತ್ತಿದ್ದರು, ಸ್ವಾಮಿಯಾಗಲು ಒಲ್ಲೆನೆಂದು ತಿರುಗಿ ಬಂದವನಿಗೆ ನಾಚಿಕೆಯೊಡನೆಯಾದರೂ ಊರಿತ್ತು, ಹೊಲವಿತ್ತು.

1914ರಲ್ಲಿ ಯುದ್ಧ ಶುರುವಾಯಿತು. ಬಾಸೆಲ್ ಸ್ವಿಟ್ಜರ್ಲೆಂಡಿನ ಊರಾದರೂ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು, ಶತ್ರುದೇಶದ ಪ್ರಜೆಗಳು. ಅವರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿ ಆಮೇಲೆ ಊರಿಗೆ ಕಳಿಸಿದರು. ಕಾರಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬರದ ಕಾಲದಲ್ಲಿ ಬಂದ ಮಕ್ಕಳು ಆ ಹೊತ್ತಿಗೆ ನಲವತ್ತರ ಗಡಿಯವರು, ಅವರ ಮಕ್ಕಳೂ ಅದೇ ಕಾಂಪೌಂಡಿನಲ್ಲಿ. ಪಾದ್ರಿಗಳಿಲ್ಲದ ಆ ವರ್ಷಗಳಲ್ಲಿ ಸಭೆಗಳನ್ನು ನಡೆಸಿದವರಲ್ಲಿ ಕನ್ನಡಿಗ ಬೋಧಕರು, ಶಾಲೆಯ ಮಾಸ್ತರರು ಇದ್ದರು. ಬಿಟ್ಟು ಹೋಗಲು ಅವಕಾಶ ಸಿಕ್ಕಾಗಲೂ ಸಭೆ ಕರಗಲಿಲ್ಲ. ನನ್ನ ವಾದಕ್ಕೆ ತೊಡಕಾದರೂ ಈ ಸಂಗತಿಯನ್ನು ಮುಚ್ಚಿಡುವಂತಿಲ್ಲ. ಒತ್ತಾಯದಲ್ಲಿ ಆರಂಭವಾದದ್ದು ಎರಡನೆಯ ತಲೆಮಾರಿಗೆ ಸ್ವಂತದ್ದಾಗಬಹುದು. ಅಜ್ಜ ಗಂಜಿಗೆ ಬಂದ ಎಂಬ ಕಾರಣಕ್ಕೆ ಮೊಮ್ಮಗನ ನಂಬಿಕೆಯನ್ನು ಗಂಜಿಯ ನಂಬಿಕೆ ಎಂದು ಹಂಗಿಸುವುದು ಇತಿಹಾಸವೂ ಅಲ್ಲ, ಮರ್ಯಾದೆಯೂ ಅಲ್ಲ.

ಅನಾಥ ಮಕ್ಕಳ ವಿಷಯದಲ್ಲಿ ನನ್ನ ವಾದಕ್ಕೆ ಅತಿ ಮೊನಚಾದ ಆಕ್ಷೇಪ ಬಂದದ್ದು 1947ರ ಮೇ 1ರಂದು ಸಂವಿಧಾನ ಸಭೆಯಲ್ಲಿ. ಬಲಾತ್ಕಾರದ ಮತಾಂತರಕ್ಕೆ ಕಾನೂನಿನ ಮನ್ನಣೆ ಇಲ್ಲ ಎಂಬ ಕಲಮಿಗೆ ಹದಿನೆಂಟು ತುಂಬದವರ ಮತಾಂತರವನ್ನೂ ಸೇರಿಸಬೇಕು ಎಂದು ಕೆ.ಎಂ. ಮುನ್ಷಿ ತಿದ್ದುಪಡಿ ತಂದರು. ಆಗ ಎದ್ದು ನಿಂತ ಅಂಬೇಡ್ಕರ್ ತಂದೆತಾಯಿ ಇದ್ದ ಮಕ್ಕಳನ್ನೂ ಅನಾಥರನ್ನೂ ಬೇರೆ ಬೇರೆಯಾಗಿಟ್ಟು ಕೇಳಿದರು. ಹೆತ್ತವರೂ ಇಲ್ಲದ, ಕಾನೂನಿನ ಪೋಷಕರೂ ಇಲ್ಲದ ಮಗುವಿನ ಗತಿಯೇನು, ಅಕ್ಕರೆಯಿಂದ ಸಾಕಿದವನು ಅದಕ್ಕೆ ಯಾವ ಧರ್ಮವನ್ನೂ ಹೇಳಿಕೊಡಬಾರದೇ ಎಂದು. ಕಲಮು ಸಮಿತಿಗೆ ವಾಪಸು ಹೋಯಿತು, ಆಗಸ್ಟಿನಲ್ಲಿ ಅದರ ಅಗತ್ಯವಿಲ್ಲವೆಂದು ಕೈಬಿಡಲಾಯಿತು. ಸಾಕಿದವನಿಗೆ ತನ್ನ ದೇವರನ್ನು ಮಗುವಿಗೆ ತೋರಿಸುವ ಹಕ್ಕಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಧರ್ಮವೇ ಇಲ್ಲದ ನಿರ್ವಾತದಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ಆದರೆ ಆ ಹಕ್ಕಿನ ಜೊತೆಗೆ ಒಂದು ಹೊಣೆಯೂ ಬರುತ್ತದೆ. ಬೆಳೆದ ಮೇಲೆ ಆ ದೇವರನ್ನು ಬಿಟ್ಟರೂ ಅವನ ಅನ್ನ, ಕೆಲಸ, ಸೂರು ಹೋಗದಂತೆ ನೋಡಿಕೊಳ್ಳುವ ಹೊಣೆ. ಹತ್ತೊಂಬತ್ತನೆಯ ಶತಮಾನದ ಕಾಂಪೌಂಡು ಅದನ್ನು ಹೊರಲಿಲ್ಲ.

ಸಂವಿಧಾನದ 28ನೆಯ ವಿಧಿಯ ಮೂರನೆಯ ಉಪವಿಧಿ ಇಂದು ಹೇಳುವುದು ಇಷ್ಟು: ಸರಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಮಂಗಳೂರಿನಲ್ಲಿ ಮಕ್ಕಳನ್ನು ಬಿಡಿಸಿಕೊಂಡು ಹೋದ ತಂದೆಗಳ ಹಕ್ಕನ್ನು ನೂರು ವರ್ಷದ ಮೇಲೆ ಕಾನೂನು ಬರೆದಿಟ್ಟ ಹಾಗಾಯಿತು. ಮನೆಯಿದ್ದ ಮಕ್ಕಳಿಗೆ ಅದು ಸಾಕು. ಮನೆಯಿಲ್ಲದ ಮಗುವಿನ ವಿಷಯಕ್ಕೆ ಬಂದಾಗ, ಅದು ಚರ್ಚಿನ ಅನಾಥಾಲಯವಿರಲಿ, ಮಠದ ಪ್ರಸಾದನಿಲಯವಿರಲಿ, ಪೋಷಕರ ಸಹಿ ಬೀಳಬೇಕಾದ ಗೆರೆಯ ಮೇಲೆ ಸಹಿ ಹಾಕುವವರು ಬಹುಮಟ್ಟಿಗೆ ಆ ಸಂಸ್ಥೆಯ ಮುಖ್ಯಸ್ಥರೇ.